ಗರ್ಭಕೋಶದ ಬಿಳಿ ಕಣಗಳು ಮತ್ತು ಬಸುರಿಯ ಬಿ.ಪಿ.: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಎಳೆಯವು. ಬಸಿರಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಏನಾಗುತ್ತದೆ? ಅದಕ್ಕೂ ಬಿ.ಪಿ. ಏರುವುದಕ್ಕೂ ಏನು ನಂಟು? ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ‘ಪ್ರಿಎಕ್ಲಾಂಪ್ಸಿಯಾ’ ಎಂದರೆ 20 ವಾರ ತುಂಬಿದ ಮೇಲೆ ಹೊಸದಾಗಿ ಬಿ.ಪಿ. 140/90 ಅಥವಾ ಅದಕ್ಕಿಂತ ಮೇಲೇರಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಇಲ್ಲವೇ ಲಿವರ್, ಕಿಡ್ನಿ, ಪ್ಲೇಟ್‌ಲೆಟ್, ಮಿದುಳು ಇವುಗಳಲ್ಲಿ ಯಾವುದಾದರೂ ತೊಂದರೆಗೆ ಸಿಕ್ಕುವುದು. ಜಗತ್ತಿನಾದ್ಯಂತ 100 ಬಸಿರುಗಳಲ್ಲಿ 2ರಿಂದ 8ರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಫಿಟ್ಸ್ ಬಂದರೆ ಅದು ಎಕ್ಲಾಂಪ್ಸಿಯಾ.

ಪ್ರಶ್ನೆ: ಮಗುವಿನ ಅರ್ಧ ಅಂಶ ತಂದೆಯದು. ಬೇರೆಯವರ ಕಿಡ್ನಿ ಕಸಿ ಮಾಡಿದರೆ ದೇಹ ತಿರಸ್ಕರಿಸುತ್ತದೆ. ಹಾಗಿದ್ದರೆ ಮಗುವನ್ನು ತಾಯಿಯ ದೇಹ ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ಬಸಿರಿನಲ್ಲಿ ರೋಗನಿರೋಧಕ ಶಕ್ತಿ ಮಲಗಿಬಿಡುತ್ತದೆಯೇ?

ಇದೇ ಪ್ರಶ್ನೆಯನ್ನು 1953ರಲ್ಲಿ ಪೀಟರ್ ಮೆಡವಾರ್ ಎಂಬ ವಿಜ್ಞಾನಿ ಎತ್ತಿದರು. ಅಂಗಾಂಗ ಕಸಿಯ ಮೂಲ ಸಂಶೋಧನೆಗಾಗಿ 1960ರಲ್ಲಿ ನೊಬೆಲ್ ಪಡೆದವರು ಅವರು. ಅವರು ಮೂರು ಊಹೆಗಳನ್ನು ಮುಂದಿಟ್ಟರು: ತಾಯಿ ಮಗುವಿನ ನಡುವೆ ಗೋಡೆಯಿದೆ, ಮಗುವಿನ ಗುರುತುಗಳು ಇನ್ನೂ ಮೂಡಿರುವುದಿಲ್ಲ, ತಾಯಿಯ ನಿರೋಧಕ ಶಕ್ತಿ ಜಡವಾಗಿರುತ್ತದೆ. ಮೂರೂ ಪೂರ್ತಿ ನಿಲ್ಲಲಿಲ್ಲ. ತಾಯಿಯ ರಕ್ತ ಮಾಸಿನ ಎಳೆಗಳನ್ನು ನೇರವಾಗಿಯೇ ತೊಳೆಯುತ್ತದೆ, ಎರಡೂ ಕಡೆಯ ಜೀವಕೋಶಗಳು ಅಷ್ಟಿಷ್ಟು ದಾಟುತ್ತವೆ. ಇನ್ನು ತಾಯಿಯ ನಿರೋಧಕ ಶಕ್ತಿ ಎಚ್ಚರವಾಗಿಯೇ ಇದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಪುರಾವೆ ಆರ್‌ಎಚ್ ನೆಗೆಟಿವ್ ತಾಯಿ. ಆರ್‌ಎಚ್ ಪಾಸಿಟಿವ್ ಮಗುವಿನ ರಕ್ತ ಅವಳ ರಕ್ತಕ್ಕೆ ಸೇರಿದರೆ ಅವಳ ದೇಹ ಪ್ರತಿಕಾಯ ತಯಾರಿಸುತ್ತದೆ. ಅದಕ್ಕೇ ಆಂಟಿ-ಡಿ ಚುಚ್ಚುಮದ್ದು ಕೊಡುವುದು.

ಹಾಗಾದರೆ ಮಗು ಉಳಿಯುವುದು ಹೇಗೆ? ಮೊದಲ ಉತ್ತರ ಮಾಸಿನಲ್ಲೇ ಇದೆ. ತಾಯಿಯ ದೇಹಕ್ಕೆ ತಾಗುವುದು ಮಗುವಲ್ಲ, ಮಾಸಿನ ಟ್ರೋಫೋಬ್ಲಾಸ್ಟ್ ಎಂಬ ಜೀವಕೋಶಗಳು. ದೇಹದ ಬಹುತೇಕ ಪ್ರತಿ ಜೀವಕೋಶವೂ ‘ನಾನು ಯಾರು’ ಎಂದು ತೋರಿಸಲು ಎಚ್‌ಎಲ್‌ಎ ಎಂಬ ಗುರುತಿನ ಚೀಟಿಗಳನ್ನು ಮೈಮೇಲೆ ಹೊತ್ತಿರುತ್ತದೆ. ಕಸಿಯಲ್ಲಿ ಜಗಳ ಹುಟ್ಟಿಸುವುದು ಮುಖ್ಯವಾಗಿ ಇವೇ. ತಾಯಿಯ ರಕ್ತದಲ್ಲಿ ತೊಯ್ಯುವ ಹೊರಪದರದ ಟ್ರೋಫೋಬ್ಲಾಸ್ಟ್‌ಗಳಲ್ಲಿ ಈ ಚೀಟಿಗಳೇ ಇಲ್ಲ. ಗರ್ಭಕೋಶದ ಒಳಗೆ ಬೇರಿಳಿಸುವ ಟ್ರೋಫೋಬ್ಲಾಸ್ಟ್‌ಗಳು ಎಚ್‌ಎಲ್‌ಎ-ಎ, ಎಚ್‌ಎಲ್‌ಎ-ಬಿ ಬಿಟ್ಟು ಸಿ, ಇ, ಜಿ ಎಂಬ ಮೂರನ್ನು ಮಾತ್ರ ತೋರಿಸುತ್ತವೆ. ಇವುಗಳಲ್ಲಿ ತಂದೆಯ ಗುರುತು ಎದ್ದು ಕಾಣುವುದು ಸಿ ಒಂದರಲ್ಲೇ.

ಎರಡನೆಯ ಉತ್ತರ ತಾಯಿಯ ಕಡೆಯದು. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದ ಜೀವಕೋಶಗಳಲ್ಲಿ ನೂರಕ್ಕೆ 30ರಿಂದ 40 ಬಿಳಿ ರಕ್ತಕಣಗಳೇ. ಅವುಗಳ ಪೈಕಿ ಸುಮಾರು 70% ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕಣಗಳು, 20% ಕಸ ನುಂಗುವ ಮ್ಯಾಕ್ರೋಫೇಜ್‌ಗಳು, ಉಳಿದದ್ದರಲ್ಲಿ ಹೆಚ್ಚಿನವು ಟಿ ಕಣಗಳು. ಮಲಗಿರುವ ಪಡೆ ಇಷ್ಟೊಂದು ಸಂಖ್ಯೆಯಲ್ಲಿ ಬಂದು ಒಂದೇ ಕಡೆ ನೆರೆಯುವುದಿಲ್ಲ. ಅವು ಕೆಲಸಕ್ಕೆಂದೇ ಬಂದಿರುತ್ತವೆ, ಆ ಕೆಲಸ ಕಟ್ಟುವುದು. ಈ ಅಂಕಣದ ಉಳಿದ ಉತ್ತರಗಳೆಲ್ಲ ಇದೇ ಮಾತಿಗೆ ಹೊಂದಿಕೊಂಡಿವೆ. ‘ಬಸಿರಿನಲ್ಲಿ ನಿರೋಧಕ ಶಕ್ತಿಯನ್ನು ಹೆಚ್ಚಿಸಬೇಕು’ ಎನ್ನುವವರೂ, ‘ಅದನ್ನು ಅಡಗಿಸಬೇಕು’ ಎನ್ನುವವರೂ ಈ ಕೆಲಸವನ್ನು ಗಮನಿಸಿಲ್ಲ.

ಪ್ರಶ್ನೆ: ಎರಡು ಸಲ ಗರ್ಭಪಾತವಾಗಿದೆ. ರಕ್ತ ಪರೀಕ್ಷೆಯಲ್ಲಿ ‘ನ್ಯಾಚುರಲ್ ಕಿಲ್ಲರ್’ ಕಣ 18% ಎಂದು ಬಂದಿದೆ. ಇವು ಮಗುವನ್ನು ಕೊಲ್ಲುತ್ತಿವೆ, ಅಡಗಿಸಲು ಇಂಟ್ರಾಲಿಪಿಡ್ ಡ್ರಿಪ್ ಮತ್ತು ಸ್ಟಿರಾಯ್ಡ್ ಬೇಕು ಎಂದಿದ್ದಾರೆ. ತೆಗೆದುಕೊಳ್ಳಲೇ?

ಆ ಹೆಸರೇ ನಿಮ್ಮನ್ನು ಹೆದರಿಸಿದೆ. ದಯವಿಟ್ಟು ಮೊದಲು ಇದನ್ನು ಓದಿ.

ರಕ್ತದಲ್ಲಿ ಓಡಾಡುವ ಎನ್‌ಕೆ ಕಣವೂ ಗರ್ಭಕೋಶದ ಎನ್‌ಕೆ ಕಣವೂ ಬೇರೆ ಬೇರೆ. ರಕ್ತದಲ್ಲಿರುವವುಗಳಲ್ಲಿ ಸುಮಾರು 90%ರ ಮೇಲೆ ಸಿಡಿ56 ಎಂಬ ಗುರುತು ಮಂದ, ಸಿಡಿ16 ಗಾಢ. ಸೋಂಕು ತಗುಲಿದ ಜೀವಕೋಶವನ್ನು ಕೊಲ್ಲುವ ಬಗೆ ಅದು. ಗರ್ಭಕೋಶದಲ್ಲಿರುವವುಗಳಲ್ಲಿ ಸಿಡಿ56 ಗಾಢ, ಸಿಡಿ16 ಇಲ್ಲವೇ ಇಲ್ಲ ಎನ್ನುವಷ್ಟು. ಅವುಗಳ ಹೊಟ್ಟೆಯಲ್ಲೂ ಪರ್ಫೋರಿನ್, ಗ್ರ್ಯಾಂಜೈಮ್ ಎಂಬ ಕೊಲ್ಲುವ ಕಣಿಕೆಗಳು ತುಂಬಿರುತ್ತವೆ ನಿಜ, ಆದರೆ ಟ್ರೋಫೋಬ್ಲಾಸ್ಟ್‌ಗಳನ್ನು ಅವು ಕೊಲ್ಲುವುದಿಲ್ಲ. ಬದಲಿಗೆ ರಕ್ತನಾಳ ಬೆಳೆಸುವ ವಿಇಜಿಎಫ್, ಪಿಎಲ್‌ಜಿಎಫ್, ಆಂಜಿಯೋಪೊಯೆಟಿನ್, ಗಾಮಾ ಇಂಟರ್‌ಫೆರಾನ್ ಮುಂತಾದವನ್ನು ಸ್ರವಿಸುತ್ತವೆ. ಎನ್‌ಕೆ ಕಣಗಳೇ ಇಲ್ಲದಂತೆ ಮಾಡಿದ ಹೆಣ್ಣಿಲಿಗಳಲ್ಲಿ ಗರ್ಭಕೋಶದ ರಕ್ತನಾಳಗಳು ಸರಿಯಾಗಿ ಹಿಗ್ಗುವುದಿಲ್ಲ. ಇವು ಪ್ರತಿ ತಿಂಗಳೂ, ಬಸಿರು ನಿಲ್ಲುವ ಮೊದಲೇ, ಮುಟ್ಟಿನ ಚಕ್ರದ ಕೊನೆಯ ಭಾಗದಲ್ಲಿ ಪ್ರೊಜೆಸ್ಟೆರಾನ್ ಏರುತ್ತಿದ್ದಂತೆ ಹೆಚ್ಚುತ್ತವೆ. ಮೊದಲ ಮೂರು ತಿಂಗಳಲ್ಲಿ ತುತ್ತತುದಿ ಮುಟ್ಟಿ, 20 ವಾರದ ನಂತರ ಇಳಿಯುತ್ತವೆ.

ಆದ್ದರಿಂದ ತೋಳಿನಿಂದ ತೆಗೆದ ರಕ್ತದ 18% ಎಂಬ ಅಂಕಿ ಗರ್ಭಕೋಶದಲ್ಲಿ ಏನು ನಡೆಯುತ್ತಿದೆ ಎಂದು ಹೇಳಲಾರದು. ಆರೋಗ್ಯವಂತರಲ್ಲೂ ಈ ಪ್ರಮಾಣ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ದೇಹ ದಣಿದಾಗ, ಮನಸ್ಸು ಉದ್ವೇಗಗೊಂಡಾಗ, ಕೊನೆಗೆ ಸೂಜಿ ಚುಚ್ಚುವ ಗಾಬರಿಯಲ್ಲೂ ಏರಿಳಿಯುತ್ತದೆ. ಇಂಟ್ರಾಲಿಪಿಡ್ ಎಂದರೆ ಸೋಯಾ ಎಣ್ಣೆಯ ಕಲಕು, ಬಾಯಲ್ಲಿ ಊಟ ಮಾಡಲಾಗದ ರೋಗಿಗಳಿಗೆ ಪೋಷಣೆಗಾಗಿ ಮಾಡಿದ್ದು. ಗರ್ಭ ಉಳಿಸುತ್ತದೆ ಎಂಬುದಕ್ಕೆ ಭರವಸೆಯ ಪುರಾವೆಯಿಲ್ಲ, ಜ್ವರ ಮತ್ತು ಅಲರ್ಜಿಯ ಅಪಾಯವಿದೆ. ಸ್ಟಿರಾಯ್ಡ್ ಸಕ್ಕರೆಯನ್ನೂ ಬಿ.ಪಿ.ಯನ್ನೂ ಏರಿಸುತ್ತದೆ. ಹಿಂದೆ ಗಂಡನ ಬಿಳಿ ಕಣಗಳನ್ನೇ ಹೆಂಡತಿಗೆ ಚುಚ್ಚುವ ಚಿಕಿತ್ಸೆಯೂ ನಡೆಯುತ್ತಿತ್ತು. 1999ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭವೇ ಕಾಣಲಿಲ್ಲ, ಗರ್ಭ ನಷ್ಟ ಹೆಚ್ಚಾಗುವ ಸೂಚನೆ ಕಂಡಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಸಂಶೋಧನೆಗೆ ಮಾತ್ರ ಸೀಮಿತಗೊಳಿಸಿತು.

ಎರಡು ಗರ್ಭಪಾತದ ನಂತರ ನಿಜಕ್ಕೂ ಮಾಡಿಸಬೇಕಾದವು ಬೇರೆ ಇವೆ: ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆ (12 ವಾರಗಳ ಅಂತರದಲ್ಲಿ ಎರಡು ಸಲ), ಥೈರಾಯ್ಡ್, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್, ಸಕ್ಕರೆ ಕಾಯಿಲೆಯ ಶಂಕೆಯಿದ್ದರೆ ಅದರ ಪರೀಕ್ಷೆ. ಇವುಗಳಲ್ಲಿ ಏನಾದರೂ ಸಿಕ್ಕರೆ ಪುರಾವೆಯಿರುವ ಚಿಕಿತ್ಸೆ ಇದೆ. ಡ್ರಿಪ್‌ಗೆ ಒಪ್ಪಬೇಡಿ ಎಂಬುದೇ ನಮ್ಮ ಸಲಹೆ.

ಪ್ರಶ್ನೆ: ಪ್ರಿಎಕ್ಲಾಂಪ್ಸಿಯಾಕ್ಕೆ ಕಾರಣ ತಾಯಿಯ ನಿರೋಧಕ ಕಣಗಳು ಎಂದು ಓದಿದೆ. ಅಸಲಿಗೆ ಎಲ್ಲಿ, ಯಾವಾಗ, ಏನು ತಪ್ಪುತ್ತದೆ?

ತಪ್ಪು ಶುರುವಾಗುವುದು ಬಿ.ಪಿ. ಏರುವುದಕ್ಕೆ ತಿಂಗಳುಗಳ ಮೊದಲು, ಗರ್ಭಕೋಶದ ಸುರುಳಿ ಅಪಧಮನಿಗಳಲ್ಲಿ. ಮಾಸಿಗೆ ತಾಯಿಯ ರಕ್ತ ತರುವ ಈ ನಾಳಗಳು ನೂರಕ್ಕೂ ಹೆಚ್ಚಿವೆ. ಬಸಿರಿಲ್ಲದಾಗ ಅವು ಸಣ್ಣ ಬಾಯಿಯ, ಸ್ನಾಯು ಸುತ್ತಿದ, ಸಿಡುಕು ಸ್ವಭಾವದ ನಾಳಗಳು: ತಣ್ಣಗಾದರೆ, ಗಾಬರಿಯಾದರೆ ಮುದುಡುತ್ತವೆ. ಮುಟ್ಟಿನ ರಕ್ತಸ್ರಾವ ನಿಲ್ಲಲು ಆ ಗುಣ ಬೇಕು. ಮಗು ಬೆಳೆಯಲು ಬೇಡ.

ಆರೋಗ್ಯವಾದ ಬಸಿರಿನಲ್ಲಿ ಮೊದಲು ಕೈ ಹಾಕುವವರು ತಾಯಿಯ ಎನ್‌ಕೆ ಕಣಗಳು ಮತ್ತು ಮ್ಯಾಕ್ರೋಫೇಜ್‌ಗಳು. ಅವು ನಾಳದ ಗೋಡೆಯನ್ನು ಸುತ್ತುವರಿದು ಸ್ನಾಯುಕೋಶಗಳ ಕಟ್ಟು ಸಡಿಲಿಸುತ್ತವೆ. ನಂತರ ಟ್ರೋಫೋಬ್ಲಾಸ್ಟ್‌ಗಳು ಬಂದು ಗೋಡೆಯಲ್ಲೇ ನೆಲೆಸುತ್ತವೆ, ಸ್ನಾಯು ಕರಗುತ್ತದೆ. ಸತ್ತ ಕೋಶಗಳ ಅವಶೇಷವನ್ನು ಮ್ಯಾಕ್ರೋಫೇಜ್‌ಗಳು ಸದ್ದಿಲ್ಲದೆ ನುಂಗಿ ಹಾಕುತ್ತವೆ. ಅವಶೇಷ ಉಳಿದರೆ ಅದೇ ಉರಿಯೂತಕ್ಕೆ ಕಿಡಿ. ಇದೆಲ್ಲ ನಡೆಯುವಾಗ, 10ರಿಂದ 12 ವಾರದವರೆಗೆ, ನಾಳದ ಬಾಯಿಗೆ ಟ್ರೋಫೋಬ್ಲಾಸ್ಟ್‌ಗಳ ಬಿರಡೆ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಮಾಸಿನ ಸುತ್ತ ಆಮ್ಲಜನಕದ ಒತ್ತಡ 20 ಮಿಲಿಮೀಟರ್ ಪಾದರಸದ ಆಸುಪಾಸು, ಬಿರಡೆ ಕರಗಿದ ಮೇಲೆ ಸುಮಾರು 60ಕ್ಕೆ ಏರುತ್ತದೆ. ಎಳೆಯ ಭ್ರೂಣಕ್ಕೆ ಕಡಿಮೆ ಆಮ್ಲಜನಕವೇ ಕ್ಷೇಮ. ಕೆಲಸ ಮುಗಿದಾಗ ಗರ್ಭಕೋಶದ ಸ್ನಾಯುವಿನ ಒಳ ಮೂರನೇ ಒಂದು ಭಾಗದ ಆಳದವರೆಗೂ ನಾಳಗಳು ಹಿಗ್ಗಿ, ಬಾಯಿ ಆಲಿಕೆಯಂತೆ ಅಗಲಗೊಂಡಿರುತ್ತದೆ.

ಈ ಅಗಲ ಯಾಕೆ ಮುಖ್ಯ ಎಂಬುದನ್ನು ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಹೆಚ್ಚು ರಕ್ತ ಬರಲಿ ಎಂಬುದಷ್ಟೇ ಅಲ್ಲ, ನಿಧಾನವಾಗಿ ಬರಲಿ ಎಂಬುದೂ ಅಷ್ಟೇ ಮುಖ್ಯ. ಲೆಕ್ಕಾಚಾರದ ಪ್ರಕಾರ ಅಗಲಗೊಂಡ ಬಾಯಿಯಿಂದ ರಕ್ತ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ ಮಾಸಿನೊಳಗೆ ಹರಡುತ್ತದೆ. ಹಿಗ್ಗದ ನಾಳದಿಂದ ಸೆಕೆಂಡಿಗೆ 1ರಿಂದ 2 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಕೊಳಾಯಿ ಪೈಪಿನ ತುದಿಯನ್ನು ಬೆರಳಿನಿಂದ ಒತ್ತಿ ಸಸಿಗೆ ನೀರು ಬಿಟ್ಟರೆ ಬೇರು ಕಿತ್ತುಬರುತ್ತದಲ್ಲ, ಹಾಗೆ ಮಾಸಿನ ನವಿರು ಎಳೆಗಳು ಕಿತ್ತುಹೋಗುತ್ತವೆ. ಇದರ ಜೊತೆಗೆ ಉಳಿದುಕೊಂಡ ಸ್ನಾಯು ಆಗಾಗ ಮುದುಡಿ ಬಿಡುತ್ತದೆ. ರಕ್ತ ನಿಲ್ಲುವುದು, ಮತ್ತೆ ನುಗ್ಗುವುದು, ಈ ಏರಿಳಿತವೇ ಮಾಸಿಗೆ ಹೆಚ್ಚು ಹಾನಿ.

ಈಗ ಪ್ರಿಎಕ್ಲಾಂಪ್ಸಿಯಾ. ಅದರಲ್ಲೂ 34 ವಾರಕ್ಕೆ ಮೊದಲು ಬರುವ ಬಗೆಯಲ್ಲಿ ಈ ಹಿಗ್ಗಿಸುವ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಎನ್‌ಕೆ ಕಣಗಳಿಗೆ ಬೇಕಾದ ಪ್ರಚೋದನೆ ಸಿಕ್ಕಿರುವುದಿಲ್ಲ (ಯಾಕೆಂದು ಮುಂದಿನ ಉತ್ತರದಲ್ಲಿದೆ). ಮ್ಯಾಕ್ರೋಫೇಜ್‌ಗಳು ದುರಸ್ತಿ ಮಾಡುವ ಬಗೆಯಿಂದ ಉರಿಸುವ ಬಗೆಗೆ ವಾಲಿ, ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನನ್ನು ಸುರಿಸುತ್ತವೆ. ಅದು ಟ್ರೋಫೋಬ್ಲಾಸ್ಟ್‌ಗಳನ್ನೇ ಸಾಯಿಸುತ್ತದೆ. ಟಿ ಕಣಗಳಲ್ಲಿ ಜಗಳ ತಣಿಸುವ ನಿಯಂತ್ರಕ ಬಗೆ ಕಡಿಮೆ, ಉರಿ ಹೆಚ್ಚಿಸುವ ಟಿಎಚ್17 ಬಗೆ ಹೆಚ್ಚು. ನಿಯಂತ್ರಕ ಟಿ ಕಣಗಳನ್ನು ಗುರುತಿಸಿದ ಶಿಮೋನ್ ಸಕಾಗುಚಿ, ಅವುಗಳ ಕೀಲಿಯಾದ ಫಾಕ್ಸ್‌ಪಿ3 ವಂಶವಾಹಿಯನ್ನು ಹುಡುಕಿದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಸಂದಿದೆ. ಹೆಣ್ಣಿಲಿಗಳಲ್ಲಿ ಈ ಕಣಗಳನ್ನು ತೆಗೆದುಹಾಕಿದರೆ ಬೇರೆ ತಳಿಯ ಗಂಡಿಲಿಯಿಂದಾದ ಮರಿಗಳು ಉಳಿಯುವುದಿಲ್ಲ ಎಂದು 2004ರಲ್ಲೇ ತೋರಿಸಲಾಗಿದೆ.

ಎರಡನೇ ಹಂತ ತಾಯಿಯ ಇಡೀ ದೇಹದ್ದು. ನೊಂದ ಮಾಸು ರಕ್ತಕ್ಕೆ ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ವಿಪರೀತವಾಗಿ ಬಿಡುತ್ತದೆ. ಇದನ್ನು ಪ್ರಿಎಕ್ಲಾಂಪ್ಸಿಯಾಕ್ಕೆ ಜೋಡಿಸಿದ್ದು 2003ರಲ್ಲಿ ಅನಂತ್ ಕರುಮಂಚಿ ಅವರ ತಂಡ. ರಕ್ತನಾಳಗಳ ಒಳಗೋಡೆಯನ್ನು ಆರೋಗ್ಯವಾಗಿಡುವ ವಿಇಜಿಎಫ್, ಪಿಎಲ್‌ಜಿಎಫ್‌ಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ನಾಳಗಳು ಬಿಗಿದು ಬಿ.ಪಿ. ಏರುತ್ತದೆ, ಕಿಡ್ನಿಯ ಜಾಲರಿ ಊದಿಕೊಂಡು ಪ್ರೋಟೀನ್ ಸೋರುತ್ತದೆ. ಇದರೊಂದಿಗೆ ಮಾಸಿನ ಚೂರುಗಳೂ ತಾಯಿಯ ರಕ್ತಕ್ಕೆ ಬೀಳುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಕೆರಳಿ ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಬೀಸುತ್ತವೆ, ಕಾಂಪ್ಲಿಮೆಂಟ್ ಎಂಬ ಪ್ರೋಟೀನ್ ಸರಣಿ ಹೊತ್ತಿಕೊಳ್ಳುತ್ತದೆ. ಆರೋಗ್ಯವಾದ ಬಸಿರಿನಲ್ಲೂ ಕೊನೆಯ ತಿಂಗಳುಗಳಲ್ಲಿ ಸೌಮ್ಯ ಉರಿಯೂತ ಇದ್ದೇ ಇರುತ್ತದೆ. ಪ್ರಿಎಕ್ಲಾಂಪ್ಸಿಯಾದಲ್ಲಿ ಅದು ಲಗಾಮು ತಪ್ಪಿರುತ್ತದೆ.

ಒಂದು ಎಚ್ಚರಿಕೆ. 34 ವಾರದ ನಂತರ ಬರುವ ಬಗೆಯಲ್ಲಿ ನಾಳಗಳು ಎಷ್ಟೋ ಸಲ ಸರಿಯಾಗಿಯೇ ಹಿಗ್ಗಿರುತ್ತವೆ. ತಾಯಿಯ ಬೊಜ್ಜು, ಸಕ್ಕರೆ, ಮೊದಲೇ ಇದ್ದ ಬಿ.ಪಿ., ಅವಳಿಗಳಿಂದ ದೊಡ್ಡದಾದ ಮಾಸು ಇವು ಅಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಎಲ್ಲವನ್ನೂ ನಿರೋಧಕ ಕಣಗಳ ತಲೆಗೆ ಕಟ್ಟುವುದು ಸರಿಯಲ್ಲ. ಮೂಲ ಮಾಸಿನಲ್ಲಿದೆ ಎಂಬುದಂತೂ ಗಟ್ಟಿ: ಮಗುವೇ ಇಲ್ಲದೆ ಮಾಸಿನ ಗೊಂಚಲು ಮಾತ್ರ ಬೆಳೆಯುವ ಮುತ್ತುಗರ್ಭದಲ್ಲೂ ಪ್ರಿಎಕ್ಲಾಂಪ್ಸಿಯಾ ಬರುತ್ತದೆ, ಅದೂ 20 ವಾರಕ್ಕೆ ಮೊದಲೇ.

ಪ್ರಶ್ನೆ: ಇದು ಚೊಚ್ಚಲ ಬಸಿರಿನಲ್ಲೇ ಹೆಚ್ಚು ಯಾಕೆ? ಮರುಮದುವೆಯಾದವರಿಗೂ ಅಪಾಯ ಹೆಚ್ಚೆಂದು ಕೇಳಿದ್ದೇನೆ, ನಿಜವೇ?

ನಿಜ. ನಿಯಂತ್ರಕ ಟಿ ಕಣಗಳಿಗೆ ನೆನಪಿದೆ. 2012ರಲ್ಲಿ ಇಲಿಗಳಲ್ಲಿ ಕಂಡುಕೊಂಡಂತೆ, ಮೊದಲ ಬಸಿರಿನಲ್ಲಿ ತಂದೆಯ ಗುರುತುಗಳನ್ನು ಕಲಿತ ಕಣಗಳು ಹೆರಿಗೆಯ ನಂತರವೂ ಉಳಿದು, ಅದೇ ಗುರುತು ಮತ್ತೆ ಬಂದಾಗ ಬೇಗ ಹೆಚ್ಚಿಕೊಳ್ಳುತ್ತವೆ. ಕಲಿಕೆ ಬಸಿರಿಗೆ ಮೊದಲೇ ಶುರುವಾಗುತ್ತದೆ: ವೀರ್ಯದ್ರವದಲ್ಲಿ ತಂದೆಯ ಗುರುತುಗಳೂ, ನಿಯಂತ್ರಕ ಕಣಗಳನ್ನು ಬೆಳೆಸುವ ಟಿಜಿಎಫ್-ಬೀಟಾವೂ ಇವೆ. ಹೊಸ ಸಂಗಾತಿ, ಬಹಳ ಕಡಿಮೆ ಕಾಲದ ಒಡನಾಟ, ದಾನಿಯ ವೀರ್ಯ ಇವುಗಳಲ್ಲಿ ಅಪಾಯ ಸ್ವಲ್ಪ ಹೆಚ್ಚು ಕಾಣುವುದಕ್ಕೆ ಇದು ಅರ್ಥ ಕೊಡುತ್ತದೆ. ದಾನಿಯ ಅಂಡಾಣುವಾದರೆ ಅಪಾಯ ಇನ್ನೂ ಸ್ಪಷ್ಟ, ಏಕೆಂದರೆ ಅಲ್ಲಿ ಮಗುವಿನ ಅರ್ಧವಲ್ಲ, ಪೂರ್ತಿ ಗುರುತು ತಾಯಿಗೆ ಹೊಸದು. ಎರಡು ಬಸಿರುಗಳ ನಡುವೆ 10 ವರ್ಷಕ್ಕಿಂತ ಹೆಚ್ಚು ಅಂತರವಾದರೂ ಅಪಾಯ ಚೊಚ್ಚಲಿನ ಮಟ್ಟಕ್ಕೆ ಹತ್ತಿರ ಬರುತ್ತದೆ.

ಇನ್ನೊಂದು ಕಾರಣ ವಂಶವಾಹಿಗಳ ಜೋಡಿ. ತಾಯಿಯ ಎನ್‌ಕೆ ಕಣಗಳ ಮೇಲೆ ಕಿರ್ ಎಂಬ ಗ್ರಾಹಕಗಳಿವೆ. ಕೆಲವು ಕಣವನ್ನು ಚುರುಕುಗೊಳಿಸುತ್ತವೆ, ಕೆಲವು ತಡೆಯುತ್ತವೆ. ಇವು ಎ, ಬಿ ಎಂಬ ಎರಡು ಕಟ್ಟುಗಳಾಗಿ ಬರುತ್ತವೆ, ಎ ಕಟ್ಟಿನಲ್ಲಿ ಹೆಚ್ಚಿನವು ತಡೆಯುವವೇ. ತಾಯಿಗೆ ಎರಡೂ ಎ ಆಗಿದ್ದು, ಮಗು ತಂದೆಯಿಂದ ಎಚ್‌ಎಲ್‌ಎ-ಸಿಯ ಸಿ2 ಬಗೆಯನ್ನು ಪಡೆದರೆ ಎನ್‌ಕೆ ಕಣಕ್ಕೆ ತಡೆ ಹೆಚ್ಚಾಗಿ ಬೀಳುತ್ತದೆ. ಈ ಜೋಡಿಯಲ್ಲಿ ಪ್ರಿಎಕ್ಲಾಂಪ್ಸಿಯಾ ಹೆಚ್ಚು ಎಂದು 2004ರಲ್ಲಿ ಕೇಂಬ್ರಿಜ್‌ನ ಆಶ್ಲೆ ಮಾಫೆಟ್ ಅವರ ತಂಡ ತೋರಿಸಿತು. ಗಮನಿಸಿ, ಇಲ್ಲಿ ತೊಂದರೆ ಕೊಡುವುದು ಎನ್‌ಕೆ ಕಣದ ಅತಿ ಚುರುಕಲ್ಲ, ಅದರ ಮಂಕು. ಎರಡನೇ ಪ್ರಶ್ನೆಯ ಡ್ರಿಪ್ ಯಾಕೆ ಬೇಡವೆಂದೆವು ಎಂಬುದು ಇದರಿಂದ ಇನ್ನಷ್ಟು ತಿಳಿಯುತ್ತದೆ. ಕಿರ್ ಪರೀಕ್ಷೆಯನ್ನು ಮದುವೆಗೆ ಮೊದಲು ಮಾಡಿಸಬೇಕೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಬೇಡ. ಆ ಜೋಡಿ ಇರುವ ಬಹುಪಾಲು ತಾಯಂದಿರಿಗೆ ಏನೂ ಆಗುವುದಿಲ್ಲ, ಫಲಿತಾಂಶ ನೋಡಿ ಬದಲಿಸುವ ಚಿಕಿತ್ಸೆಯೂ ಇಲ್ಲ.

ಪ್ರಶ್ನೆ: ಏಳನೇ ತಿಂಗಳು. ರಕ್ತದ ವರದಿಯಲ್ಲಿ ಬಿಳಿ ಕಣ 13,500 ಎಂದಿದೆ. ಸೋಂಕಿದೆಯೇ?

ಜ್ವರ, ಉರಿಮೂತ್ರ, ದುರ್ವಾಸನೆಯ ಸ್ರಾವ ಇಲ್ಲದಿದ್ದರೆ ಇದು ಬಸಿರಿನ ಸಹಜ ಅಂಕಿ. ನ್ಯೂಟ್ರೋಫಿಲ್‌ಗಳು ಹೆಚ್ಚುವುದರಿಂದ 16,000ದವರೆಗೂ ಹೋಗಬಹುದು, ಹೆರಿಗೆ ನೋವಿನಲ್ಲಿ 20,000 ದಾಟುವುದೂ ಉಂಟು. ಅಂಕಿ ನೋಡಿದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಡ. ಈ ಅಂಕಿಯಿಂದ ಪ್ರಿಎಕ್ಲಾಂಪ್ಸಿಯಾವನ್ನು ಊಹಿಸಲೂ ಆಗದು.

ಪ್ರಶ್ನೆ: ಆಸ್ಪಿರಿನ್ ಬರೆದಿದ್ದಾರೆ. ಅದು ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯೇ? ಎಲ್ಲ ಬಸುರಿಯರೂ ತೆಗೆದುಕೊಳ್ಳಬಹುದೇ?

ಬಸಿರಿನಲ್ಲಿ ಕೊಡುವ ಸಣ್ಣ ಪ್ರಮಾಣದಲ್ಲಿ ಅದು ನಿರೋಧಕ ಶಕ್ತಿಯನ್ನು ತಗ್ಗಿಸುವುದಿಲ್ಲ. ಮುಖ್ಯವಾಗಿ ಪ್ಲೇಟ್‌ಲೆಟ್‌ಗಳಲ್ಲಿ ನಾಳ ಮುದುಡಿಸುವ ಥ್ರಾಂಬೊಕ್ಸೇನ್ ತಯಾರಾಗದಂತೆ ತಡೆಯುತ್ತದೆ, ನಾಳ ಹಿಗ್ಗಿಸುವ ಪ್ರೊಸ್ಟಾಸೈಕ್ಲಿನ್ ಉಳಿಯುತ್ತದೆ.

ಯಾರಿಗೆ? ಹಿಂದಿನ ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿದ್ದರೆ, ಮೊದಲಿನಿಂದ ಬಿ.ಪಿ., ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ, ಲೂಪಸ್ ಅಥವಾ ಆಂಟಿಫಾಸ್ಫೋಲಿಪಿಡ್ ತೊಂದರೆ ಇದ್ದರೆ, ಅವಳಿಗಳಾದರೆ ಇವುಗಳಲ್ಲಿ ಒಂದೇ ಸಾಕು. ಚೊಚ್ಚಲು, 35 ದಾಟಿದ ವಯಸ್ಸು, ಬಿಎಂಐ 30ಕ್ಕಿಂತ ಹೆಚ್ಚು, ತಾಯಿಗೋ ಅಕ್ಕತಂಗಿಯರಿಗೋ ಆಗಿದ್ದದ್ದು, 10 ವರ್ಷ ಮೀರಿದ ಅಂತರ, ಐವಿಎಫ್ ಇವುಗಳಲ್ಲಿ ಎರಡು ಸೇರಿದರೆ ವೈದ್ಯರು ಯೋಚಿಸುತ್ತಾರೆ. ಪ್ರಮಾಣ ದೇಶದಿಂದ ದೇಶಕ್ಕೆ 75ರಿಂದ 150 ಮಿಲಿಗ್ರಾಂ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಪ್ರಯೋಗದಲ್ಲಿ 11ರಿಂದ 14 ವಾರದ ನಡುವೆ ಶುರುಮಾಡಿ 36 ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮೊದಲು ಬರುವ ಪ್ರಿಎಕ್ಲಾಂಪ್ಸಿಯಾ 4.3%ರಿಂದ 1.6%ಗೆ ಇಳಿಯಿತು. ತುಂಬು ದಿನಗಳಲ್ಲಿ ಬರುವ ಬಗೆಯಲ್ಲಿ ಅಂಥ ಲಾಭ ಕಾಣಲಿಲ್ಲ.

ತಪ್ಪಾಗುವುದು ಎರಡು ಕಡೆ. ಒಂದು, ತಡವಾಗಿ ಶುರುಮಾಡುವುದು. 16 ವಾರಕ್ಕೆ ಮೊದಲೇ ಶುರುವಾದರೆ ಒಳ್ಳೆಯದು, ನಾಳಗಳು ಹಿಗ್ಗುವ ಕಾಲ ಅದು. ಎರಡು, ಮಧ್ಯೆ ಮಧ್ಯೆ ಬಿಡುವುದು. ಆ ಪ್ರಯೋಗದಲ್ಲೇ 90% ಮಾತ್ರೆಗಳನ್ನಾದರೂ ತಪ್ಪದೆ ನುಂಗಿದವರಿಗೆ ಲಾಭ ಹೆಚ್ಚಿತ್ತು. ಆಸ್ಪಿರಿನ್ ಅಲರ್ಜಿ, ಅದರಿಂದ ಕೆರಳುವ ಅಸ್ತಮಾ, ಹೊಟ್ಟೆ ಹುಣ್ಣು, ರಕ್ತ ಸೋರುವ ಕಾಯಿಲೆ ಇದ್ದವರಿಗೆ ಇದು ಸಲ್ಲದು. ಅಪಾಯವಿಲ್ಲದ ಬಸುರಿ ತಾನೇ ಕೊಂಡು ನುಂಗುವುದೂ ಬೇಡ.

ಕ್ಯಾಲ್ಸಿಯಂ ಬಗ್ಗೆಯೂ ಕೇಳಿದ್ದೀರಿ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ದಿನಕ್ಕೆ 1.5ರಿಂದ 2 ಗ್ರಾಂ ಶುದ್ಧ ಕ್ಯಾಲ್ಸಿಯಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತ ಮತ್ತು ಟಾಂಜಾನಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 500 ಮಿಲಿಗ್ರಾಂ ಕೂಡ 1.5 ಗ್ರಾಂನಷ್ಟೇ ಕೆಲಸ ಮಾಡಿತು. ಕಬ್ಬಿಣದ ಮಾತ್ರೆಯ ಜೊತೆ ಒಟ್ಟಿಗೆ ನುಂಗಬೇಡಿ, ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ.

ಪ್ರಶ್ನೆ: ಮನೆಯಲ್ಲಿ ಬಿ.ಪಿ. ನೋಡಿಕೊಳ್ಳುತ್ತೇನೆ. ಒಮ್ಮೆ 148/92, ಹತ್ತು ನಿಮಿಷದ ಮೇಲೆ 128/80. ಯಾವುದನ್ನು ನಂಬಲಿ?

ನೋಡುವ ಕ್ರಮ ಸರಿಯಿದ್ದರೆ ಎರಡನ್ನೂ ಬರೆದಿಡಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ 5 ನಿಮಿಷ ಸುಮ್ಮನೆ ಕೂತುಕೊಳ್ಳಿ. ಪಾದಗಳು ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ, ಮಾತು ಬೇಡ. ತೋಳು ಮೇಜಿನ ಮೇಲೆ, ಪಟ್ಟಿ ಹೃದಯದ ಮಟ್ಟದಲ್ಲಿ, ಬಟ್ಟೆಯ ಮೇಲಲ್ಲ, ಬರಿ ತೋಳಿಗೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80% ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿ.ಪಿ. ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಬಹಳಷ್ಟು ಗಾಬರಿ ಹುಟ್ಟುವುದು ಇಲ್ಲಿಂದಲೇ. ಮಲಗಿ, ಮೇಲಿನ ಮಗ್ಗುಲ ತೋಳಿನಲ್ಲಿ ನೋಡಿದರೆ ಕಡಿಮೆ ತೋರಿಸುತ್ತದೆ, ಅದು ಇನ್ನೂ ಅಪಾಯ. ಮಾಪಕ ಬಸುರಿಯರಲ್ಲಿ ಪರೀಕ್ಷಿಸಿದ್ದಾಗಿರಲಿ. ಕೆಲವು ಯಂತ್ರಗಳು ಪ್ರಿಎಕ್ಲಾಂಪ್ಸಿಯಾದಲ್ಲಿ ಸರಿಯಾಗಿ ಓದುವುದಿಲ್ಲ.

ಮನೆಯಲ್ಲಿ ಮತ್ತೆ ಮತ್ತೆ 135/85 ಮುಟ್ಟುತ್ತಿದ್ದರೆ ವೈದ್ಯರಿಗೆ ತಿಳಿಸಿ. 140/90 ಆದರೆ ಆ ದಿನವೇ ತೋರಿಸಿ, ರಕ್ತ ಮತ್ತು ಮೂತ್ರ ಪರೀಕ್ಷೆ ಆಗಬೇಕು: ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ 0.3 ದಾಟಿದೆಯೇ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿದೆಯೇ, ರಕ್ತದ ಕ್ರಿಯಾಟಿನಿನ್ 1.1 ಮೀರಿದೆಯೇ, ಲಿವರ್ ಕಿಣ್ವಗಳು ದುಪ್ಪಟ್ಟಾಗಿವೆಯೇ ಎಂದು ನೋಡುತ್ತಾರೆ. 160/110 ಬಂದರೆ 15 ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಅಷ್ಟೇ ಇದ್ದರೆ ಕೂಡಲೇ ಆಸ್ಪತ್ರೆ. ಅಂಕಿ ಎಷ್ಟೇ ಇರಲಿ, ಹೋಗದ ತಲೆನೋವು, ಕಣ್ಣು ಮಂಜು ಅಥವಾ ಮಿಂಚಿನಂಥ ಚುಕ್ಕಿ, ಬಲ ಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟುವುದು, ಮಗುವಿನ ಅಲುಗಾಟ ತಗ್ಗುವುದು ಇವಕ್ಕೆ ಕಾಯಬಾರದು. ಪಕ್ಕೆಲುಬಿನ ಕೆಳಗಿನ ನೋವನ್ನು ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿ ಮಲಗುವುದು ಬಹಳ ಸಾಮಾನ್ಯವಾದ, ಬಹಳ ದುಬಾರಿಯಾದ ತಪ್ಪು: ಅದು ಲಿವರ್ ಊದಿಕೊಂಡ ನೋವಿರಬಹುದು.

ಪ್ರಶ್ನೆ: ಇದನ್ನು ಮೊದಲೇ ಹಿಡಿಯುವ ರಕ್ತ ಪರೀಕ್ಷೆ ಇದೆಯೇ?

ಎರಡು ಹಂತದಲ್ಲಿದೆ. 11ರಿಂದ 13 ವಾರದಲ್ಲಿ ತಾಯಿಯ ಹಿನ್ನೆಲೆ, ಬಿ.ಪಿ., ಗರ್ಭಕೋಶದ ಅಪಧಮನಿಯ ಡಾಪ್ಲರ್ ಸ್ಕ್ಯಾನ್, ರಕ್ತದ ಪಿಎಲ್‌ಜಿಎಫ್ ಇವನ್ನು ಸೇರಿಸಿ ಅಪಾಯ ಲೆಕ್ಕ ಹಾಕುತ್ತಾರೆ. 24 ವಾರದ ನಂತರ ಶಂಕೆ ಬಂದರೆ ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ ಅನುಪಾತ ನೋಡುತ್ತಾರೆ. ಅದು 38 ಅಥವಾ ಕಡಿಮೆ ಇದ್ದರೆ ಮುಂದಿನ ಒಂದು ವಾರದಲ್ಲಿ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ತೀರಾ ಕಡಿಮೆ ಎಂದು 2016ರ ಅಧ್ಯಯನ ತೋರಿಸಿದೆ. ಹೆಚ್ಚಿದ್ದರೆ ಬಂದೇ ಬರುತ್ತದೆ ಎಂದಲ್ಲ, ಹತ್ತಿರದಿಂದ ಗಮನಿಸಬೇಕು ಎಂದರ್ಥ. ‘ಇಲ್ಲ’ ಎನ್ನಲು ಒಳ್ಳೆಯ ಪರೀಕ್ಷೆ, ‘ಇದೆ’ ಎನ್ನಲು ಅಷ್ಟು ಒಳ್ಳೆಯದಲ್ಲ.

ಪ್ರಶ್ನೆ: ನಿರೋಧಕ ಕಣಗಳು ಇಷ್ಟು ನಾಜೂಕಾಗಿ ಕೆಲಸ ಮಾಡುತ್ತಿರುವಾಗ ಲಸಿಕೆ ಹಾಕಿಸಿದರೆ ಕೆಡುವುದಿಲ್ಲವೇ?

ಇಲ್ಲ. ಫ್ಲೂ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಹಾಕಿಸಬಹುದು. ನಾಯಿಕೆಮ್ಮಿನ ಲಸಿಕೆಗೆ 27ರಿಂದ 36 ವಾರ ಒಳ್ಳೆಯ ಸಮಯ, ಆಗ ತಯಾರಾದ ಐಜಿಜಿ ಪ್ರತಿಕಾಯಗಳನ್ನು ಮಾಸು ಹಿಡಿದು ಮಗುವಿಗೆ ದಾಟಿಸುತ್ತದೆ. ದಡಾರ, ರುಬೆಲ್ಲಾ, ಸೀತಾಳೆ ಸಿಡುಬಿನ ಜೀವಂತ ಲಸಿಕೆಗಳು ಮಾತ್ರ ಬಸಿರಿನಲ್ಲಿ ಬೇಡ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಮೆಗ್ನೀಸಿಯಂ ಸಲ್ಫೇಟ್ ಕೊಡುವ ಪ್ರಿಚರ್ಡ್ ಕ್ರಮವನ್ನು ಅಳತೆ ಸಮೇತ ತಿಳಿಸಿ. ಅದೂ ನಿರೋಧಕ ಕಣಗಳ ಮೇಲೆ ಕೆಲಸ ಮಾಡುತ್ತದೆಯೇ?

ಅದನ್ನು ಕೊಡುವುದು ಮಿದುಳಿಗಾಗಿ, ಫಿಟ್ಸ್ ತಡೆಯಲು. 2002ರ ಮ್ಯಾಗ್‌ಪೈ ಪ್ರಯೋಗದಲ್ಲಿ ಫಿಟ್ಸ್ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. ಅದು ಬಿ.ಪಿ. ಇಳಿಸುವ ಔಷಧವಲ್ಲ ಎಂಬುದನ್ನೂ ನೆನಪಿಡಿ, ಬಿ.ಪಿ.ಗೆ ಲ್ಯಾಬೆಟಲಾಲ್, ನಿಫೆಡಿಪಿನ್ ಅಥವಾ ಹೈಡ್ರಾಲಜಿನ್ ಬೇರೆಯಾಗಿ ಬೇಕು.

50% ದ್ರಾವಣದ 2 ಮಿ.ಲೀ. ಆಂಪೂಲಿನಲ್ಲಿ 1 ಗ್ರಾಂ ಇರುತ್ತದೆ. ಮೊದಲ ಡೋಸ್: 4 ಆಂಪೂಲ್, ಅಂದರೆ 8 ಮಿ.ಲೀ.ಗೆ 12 ಮಿ.ಲೀ. ಸಲೈನ್ ಸೇರಿಸಿದರೆ 20% ದ್ರಾವಣ 20 ಮಿ.ಲೀ. ಅದನ್ನು ನಿಧಾನವಾಗಿ, 5 ನಿಮಿಷಕ್ಕೆ ಕಡಿಮೆಯಿಲ್ಲದಂತೆ ರಕ್ತನಾಳಕ್ಕೆ ಕೊಡಬೇಕು. 50% ದ್ರಾವಣವನ್ನು ತೆಳುಮಾಡದೆ ನಾಳಕ್ಕೆ ಎಂದೂ ಕೊಡಬಾರದು. ಆಮೇಲೆ 50% ದ್ರಾವಣದ 5 ಗ್ರಾಂ, 2% ಲಿಗ್ನೋಕೇನ್ 1 ಮಿ.ಲೀ. ಜೊತೆ, ಎರಡೂ ಪೃಷ್ಠಗಳಲ್ಲಿ ಒಂದೊಂದು (ಒಟ್ಟು 10 ಗ್ರಾಂ), ಸ್ನಾಯುವಿನ ಆಳಕ್ಕೆ. ನಂತರ 4 ಗಂಟೆಗೊಮ್ಮೆ 5 ಗ್ರಾಂ, ಪಕ್ಕ ಬದಲಿಸುತ್ತಾ, ಹೆರಿಗೆ ಅಥವಾ ಕೊನೆಯ ಫಿಟ್ಸ್ ಇವೆರಡರಲ್ಲಿ ಯಾವುದು ನಂತರವೋ ಅಲ್ಲಿಂದ 24 ಗಂಟೆ.

ಪ್ರತಿ ಡೋಸಿಗೆ ಮೊದಲು ಮೂರು ನೋಡಿ: ಮಂಡಿಯ ಪ್ರತಿವರ್ತನೆ ಇದೆ, ಉಸಿರು ನಿಮಿಷಕ್ಕೆ 16 ಅಥವಾ ಹೆಚ್ಚು, ಹಿಂದಿನ 4 ಗಂಟೆಯಲ್ಲಿ ಮೂತ್ರ ಗಂಟೆಗೆ 30 ಮಿ.ಲೀ. ಅಥವಾ ಹೆಚ್ಚು. ಒಂದು ತಪ್ಪಿದರೂ ಡೋಸ್ ತಡೆದು ವೈದ್ಯರನ್ನು ಕರೆಯಿರಿ. ಮೆಗ್ನೀಸಿಯಂ ಹೊರಹೋಗುವುದು ಕಿಡ್ನಿಯಿಂದ, ಮೂತ್ರ ನಿಂತರೆ ಅದು ರಕ್ತದಲ್ಲಿ ಏರುತ್ತಲೇ ಹೋಗುತ್ತದೆ. ಮೊದಲು ಮಂಡಿಯ ಪ್ರತಿವರ್ತನೆ ಹೋಗುತ್ತದೆ, ಆಮೇಲೆ ಉಸಿರು. ಪ್ರತಿವಿಷವಾದ ಕ್ಯಾಲ್ಸಿಯಂ ಗ್ಲೂಕೋನೇಟ್ 10% ದ್ರಾವಣ 10 ಮಿ.ಲೀ. ಸಿರಿಂಜ್ ಸಮೇತ ಹಾಸಿಗೆಯ ಪಕ್ಕದಲ್ಲೇ ಇರಲಿ, ಬೀರುವಿನಲ್ಲಲ್ಲ.

ಪ್ರಶ್ನೆ: ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಎಲ್ಲ ಸರಿಹೋಗುತ್ತದೆ ಎಂದರು. ಆದರೆ ನಾಲ್ಕನೇ ದಿನ ಬಿ.ಪಿ. ಮತ್ತೆ 150/100. ಇದು ಹೇಗೆ? ಮುಂದೆ ಇನ್ನೊಂದು ಮಗು ಆಗಬಹುದೇ?

ಮಾಸು ಹೊರಬಂದರೆ ಮೂಲ ತೆಗೆದಂತೆ ನಿಜ, ಆದರೆ ರಕ್ತನಾಳಗಳ ಒಳಗೋಡೆಗೆ ಆದ ಗಾಯ ಒಂದೇ ದಿನದಲ್ಲಿ ಮಾಯುವುದಿಲ್ಲ. ಮೈಯಲ್ಲಿ ಸೇರಿದ್ದ ನೀರು ರಕ್ತಕ್ಕೆ ಮರಳುವುದರಿಂದ 3ರಿಂದ 6ನೇ ದಿನ ಬಿ.ಪಿ. ತುತ್ತತುದಿ ಮುಟ್ಟುವುದು ಸಾಮಾನ್ಯ. ಬಾಣಂತಿಗೆ ಮೊದಲ ಬಾರಿ ಪ್ರಿಎಕ್ಲಾಂಪ್ಸಿಯಾ ಕಾಣುವುದೂ, ಫಿಟ್ಸ್ ಬರುವುದೂ ಉಂಟು, 6 ವಾರದವರೆಗೂ. ನಿಮ್ಮ ಅಂಕಿಗೆ ಔಷಧ ಬೇಕು, ಇವತ್ತೇ ತೋರಿಸಿ. ನಿಫೆಡಿಪಿನ್, ಲ್ಯಾಬೆಟಲಾಲ್, ಎನಲಾಪ್ರಿಲ್ ಇವುಗಳೊಂದಿಗೆ ಎದೆಹಾಲು ಕೊಡಬಹುದು. ಎನಲಾಪ್ರಿಲ್ ಬಸಿರಿನಲ್ಲಿ ಮಾತ್ರ ನಿಷಿದ್ಧ, ಹಾಗಾಗಿ ಮುಂದಿನ ಬಸಿರಿಗೆ ಮೊದಲು ಬದಲಿಸಬೇಕು.

ಇನ್ನೊಂದು ಮಗು ಖಂಡಿತ ಆಗಬಹುದು. ಪ್ರಿಎಕ್ಲಾಂಪ್ಸಿಯಾ ಮರುಕಳಿಸುವುದು ಸುಮಾರು 6ರಲ್ಲಿ ಒಬ್ಬರಿಗೆ. ಮೊದಲ ಸಲ 34 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿದ್ದರೆ ಅದಕ್ಕಿಂತ ಹೆಚ್ಚು, ಆಗ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳನ್ನೂ ಪರೀಕ್ಷಿಸಿ. ಅವು ಇದ್ದರೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಸೇರಿಸುತ್ತಾರೆ. ಮುಂದಿನ ಬಸಿರು ಖಾತ್ರಿಯಾದ ಕೂಡಲೇ, 12 ವಾರದ ಸ್ಕ್ಯಾನಿಗೆ ಕಾಯದೆ, ಹಳೆಯ ಬಿಡುಗಡೆ ಚೀಟಿಯನ್ನು ವೈದ್ಯರಿಗೆ ತೋರಿಸಿ ಆಸ್ಪಿರಿನ್ ಯಾವ ವಾರದಲ್ಲಿ ಶುರುಮಾಡಬೇಕೆಂದು ಕೇಳಿ. ಮುಂದೆ ಬಿ.ಪಿ. ಕಾಯಿಲೆ, ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ಇರುವುದರಿಂದ ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸಿ. ಯಾವ ವೈದ್ಯರ ಬಳಿ ಹೋದರೂ, ಅದು ಹಲ್ಲು ನೋವಿಗೇ ಇರಲಿ, ‘ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿತ್ತು’ ಎಂದು ಕೇಳದಿದ್ದರೂ ಹೇಳಿ.